ಬಣ್ಣಗಳ ಸಂಪುಟ ವಿಸ್ತರಣೆ

ಸರ್ಕಾರಿ ಗೋಡೆಗಳಿಗೆಲ್ಲ ಈಗ ಅಂದ ಹೆಚ್ಚಿಸಿಕೊಳ್ಳುವ ಯೋಗ. ಮೇಲ್ಸೇತುವೆಯ ಕಂಬ, ಶಾಲೆಯ ಕಾಂಪೌಂಡು, ರಸ್ತೆ ವಿಭಜಕ, ಕೊನೆಗೆ ನಿಂತಲ್ಲೇ ನಿಂತ ತಪ್ಪಿಗೆ ಹೊಂಗೆಮರದ ಬುಡ, ಯಾವುದಕ್ಕೂ ವಿನಾಯಿತಿ ಇಲ್ಲ. ಬಣ್ಣ ಹೇಗಿರಬೇಕು ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ಆಕರ್ಷಕವಾಗಿರಬೇಕು. ಅಂದರೆ ಡಬ್ಬದಲ್ಲಿ ಹೇಗಿದೆಯೋ ಹಾಗೇ ಗೋಡೆಗೆ ಬರಬೇಕು. ಒಂದಕ್ಕೊಂದು ಬೆರೆಸಿದರೆ ಕಲಬೆರಕೆ ಆಗಿಬಿಡುತ್ತದಲ್ಲ!

ಬಣ್ಣಗಳ ಆಯ್ಕೆ ಸಂಪುಟ ರಚನೆಯ ಕ್ರಮದಲ್ಲೇ ನಡೆಯುತ್ತದೆ. ಕೇಸರಿ ಬಿಟ್ಟರೆ ಒಬ್ಬರಿಗೆ ಮುನಿಸು, ಹಸಿರು ಬಿಟ್ಟರೆ ಇನ್ನೊಬ್ಬರಿಗೆ. ಹಾಗಾಗಿ ಏಳಕ್ಕೂ ಸಂಪುಟ ದರ್ಜೆ, ಏಳಕ್ಕೂ ಸಮಪಾಲು. ಬಣ್ಣ ಹೊಂದಿಸುವವರ ಹಳೆಯ ಲೆಕ್ಕ ಬೇರೆ ಇದೆ: ಒಂದು ಬಣ್ಣಕ್ಕೆ ನೂರರಲ್ಲಿ 60 ಪಾಲು, ಇನ್ನೊಂದಕ್ಕೆ 30, ಕಣ್ಣಿಗೆ ಕುಕ್ಕುವಂಥದ್ದಕ್ಕೆ ಬರೀ 10. ಮುಖ್ಯಮಂತ್ರಿ ಒಬ್ಬರು, ಉಪಮುಖ್ಯಮಂತ್ರಿ ಒಬ್ಬರು, ಉಳಿದವರಿಗೆ ನಿಗಮ-ಮಂಡಳಿ. ಇದನ್ನು ಒಪ್ಪುವ ಬಣ್ಣ ಇನ್ನೂ ಹುಟ್ಟಿಲ್ಲ.

ಬೂದು ಬಣ್ಣಕ್ಕಂತೂ ಪ್ರಾತಿನಿಧ್ಯವೇ ಇಲ್ಲ. ಹಂಪಿಯ ಕಲ್ಲಿನ ರಥವನ್ನೇ ನೋಡಿ. ಅಲ್ಲಿ ಅದು ಬಿಸಿಲಿನಲ್ಲಿ ಬೆಂದ ಬೂದುಗಂದು ಕಲ್ಲು. ಕಾಂಪೌಂಡಿನ ಮೇಲೆ ಹೊಳೆಯುವ ಕಿತ್ತಳೆ, ಚಕ್ರ ಮಾತ್ರ ನೇರಳೆ. ಕಲ್ಲಿನ ಬಣ್ಣ ಡಬ್ಬದಲ್ಲಿ ಸಿಗುವುದಿಲ್ಲ ನಿಜ, ಆದರೆ ಬೆರೆಸಲು ಐದು ನಿಮಿಷ ಸಾಕು. ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಎರಡು ಪಾಲು, ಅಲ್ಟ್ರಾಮರೀನ್ ನೀಲಿ ಒಂದು ಪಾಲು, ಬೇಕಾದಷ್ಟು ಬಿಳಿ. ನೆರಳಿನ ಬದಿಗೆ ನೀಲಿ ಒಂಚೂರು ಜಾಸ್ತಿ, ಬಿಸಿಲ ಬದಿಗೆ ಸಿಯೆನ್ನಾ ಜಾಸ್ತಿ. ಕಂದು ಮತ್ತು ನೀಲಿ ಒಂದರ ಸೊಕ್ಕನ್ನು ಇನ್ನೊಂದು ಇಳಿಸಿದಾಗಲೇ ಕಲ್ಲು ಹುಟ್ಟುವುದು. ಅಂಥ ಬೂದು ಹಿಂದೆ ನಿಂತರೆ ಪಕ್ಕದ ಒಂದೇ ಒಂದು ಕೆಂಪು ಪತಾಕೆ ದೂರದಿಂದ ಕರೆಯುತ್ತದೆ. ಕಿತ್ತಳೆ ರಥದ ಪಕ್ಕ ಅದೇ ಕೆಂಪನ್ನು ಹುಡುಕಿಕೊಳ್ಳಬೇಕು.

ಇದಕ್ಕೆ ನಮ್ಮಲ್ಲಿ ಒಳ್ಳೆಯ ಪದವಿದೆ: ಸಹವಾಸ ದೋಷ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆಮನೆಯಲ್ಲಿ ಕಪ್ಪು ನೂಲು ಮಂಕಾಗಿ ಕಾಣುತ್ತದೆ ಎಂಬ ದೂರು ಬಂದಾಗ, ಅಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ಮಿಶೆಲ್ ಶೆವ್ರೆಲ್ ಪರೀಕ್ಷಿಸಿ ನೋಡಿದ. ನೂಲಿನ ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದ ನೀಲಿ ಎಳೆಯ ಸಹವಾಸದಲ್ಲಿತ್ತು. 1839ರಲ್ಲಿ ಅದರ ಮೇಲೆ ದಪ್ಪ ಪುಸ್ತಕವನ್ನೇ ಬರೆದ. ನಮ್ಮಲ್ಲಾಗಿದ್ದರೆ ನೂಲಿಗೆ ಮರುಟೆಂಡರ್ ಕರೆಯುತ್ತಿದ್ದೆವು.

ರಥದ ಪಕ್ಕ ಇದ್ದೇ ಇರುತ್ತದೆ ನವಿಲು. ಕಡುನೀಲಿ ಕೊರಳು, ಹಿಂದೆ ಕಡುಹಸಿರು ಕಾಡು. ಬಣ್ಣ ಎರಡು, ಕಪ್ಪು-ಬಿಳುಪಿನ ಲೆಕ್ಕದಲ್ಲಿ ಒಂದೇ. ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದರೆ ಕೊರಳು ಕಾಡಿನಲ್ಲಿ ಕರಗಿ ಕೊಕ್ಕು ಮಾತ್ರ ಗಾಳಿಯಲ್ಲಿ ನೇತಾಡುತ್ತದೆ. ಮೊಬೈಲೂ ಬೇಡ, ಹತ್ತು ಹೆಜ್ಜೆ ಹಿಂದೆ ಸರಿದು ಕಣ್ಣು ಅರ್ಧ ಮುಚ್ಚಿದರೂ ಗೊತ್ತಾಗುತ್ತದೆ. ಬಿಲ್ ಪಾಸು ಮಾಡುವಾಗ ಪೂರ್ತಿ ಮುಚ್ಚುವ ಅಭ್ಯಾಸ ಇರುವವರಿಗೆ ಅರ್ಧ ಮುಚ್ಚುವುದು ಕಷ್ಟವಾಗಬಾರದು. ನಾಡಧ್ವಜದ ಹಳದಿ-ಕೆಂಪು ದೂರದಿಂದಲೂ ಬೇರೆಬೇರೆಯಾಗಿ ಕಾಣುವುದು ಒಂದು ತಿಳಿ, ಇನ್ನೊಂದು ಗಾಢ ಎನ್ನುವ ಕಾರಣಕ್ಕೆ. ಅದೇ ಹಳದಿಯಲ್ಲಿ ಬಿಳಿ ಗೋಡೆಯ ಮೇಲೆ ‘ಸ್ವಚ್ಛತೆ ಕಾಪಾಡಿ’ ಎಂದು ಬರೆದರೆ ಸ್ವಚ್ಛವಾಗಿ ಏನೂ ಕಾಣುವುದಿಲ್ಲ.

ಬಣ್ಣದ ಬಗ್ಗೆ ನಾಡು ಗಂಭೀರವಾಗಿ ಯೋಚಿಸಿಯೇ ಇಲ್ಲ ಎನ್ನುವಂತಿಲ್ಲ. 2022ರಲ್ಲಿ ‘ವಿವೇಕ’ ಯೋಜನೆಯ ಶಾಲಾ ಕೊಠಡಿಗಳಿಗೆ ಕೇಸರಿ ಬಳಿಯುವ ಮಾತು ಬಂದಾಗ ಅದು ಯಾವ ಪಕ್ಷದ ಬಣ್ಣ ಎಂಬ ಬಗ್ಗೆ ಬೇಕಾದಷ್ಟು ಚರ್ಚೆಯಾಯಿತು. ಗಾಢ ಕೇಸರಿ ಗೋಡೆಗೆ ಬಡಿದ ಬಿಸಿಲು ಮಗುವಿನ ಮುಖವನ್ನೂ ಬಿಳಿ ನೋಟ್‌ಬುಕ್ಕನ್ನೂ ಕೇಸರಿ ಮಾಡುತ್ತದೆ. ಆ ಗೋಡೆ ನೋಡಿ ದಣಿದ ಕಣ್ಣಿಗೆ ಬಿಳಿ ಹಾಳೆ ಒಂದು ಗಳಿಗೆ ನೀಲಿಯಾಗಿ ಕಾಣುತ್ತದೆ. ಈ ಮಾತು ಮಾತ್ರ ಯಾವ ಪಕ್ಷಕ್ಕೂ ಉಪಯೋಗಕ್ಕೆ ಬರುವಂಥದ್ದಲ್ಲ.

ಇನ್ನು ಎದುರುಬದುರು ಬಣ್ಣಗಳು. ವರ್ಣಚಕ್ರದಲ್ಲಿ ಹಳದಿಗೆ ಎದುರು ನೇರಳೆ, ಕೆಂಪಿಗೆ ಹಸಿರು. (ಹಳದಿಯಿಂದ ನೇರಳೆಗೆ ಸುತ್ತಿಕೊಂಡು ಹೋಗುವಾಗ ನಡುವೆ ಹಸಿರು ಸಿಗುತ್ತದೆ. ಬೆಂಗಳೂರಿನ ಆರ್.ವಿ. ರಸ್ತೆಯಲ್ಲಿ ಹಳದಿ ಮೆಟ್ರೊ ಇಳಿದು, ಹಸಿರು ಹಿಡಿದು, ಮೆಜೆಸ್ಟಿಕ್‌ನಲ್ಲಿ ನೇರಳೆ ಹತ್ತುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಇಂಥ ಜೋಡಿಯನ್ನು ಬೆರೆಸಿದರೆ ಎರಡೂ ಮಂಕು, ಪಕ್ಕಪಕ್ಕ ಇಟ್ಟರೆ ಎರಡಕ್ಕೂ ಆವೇಶ.

ಬಣ್ಣ ಹೀಗಾಯಿತು, ಗೋಡೆಯ ಕಥೆ ಇನ್ನೂ ಚೆಂದ. ಉದ್ಘಾಟನೆಯ ದಿನಾಂಕ ಮೊದಲು, ಗಾರೆ ಆಮೇಲೆ. ಹಸಿ ಗಾರೆಗೆ ಸುಮಾರು 28 ದಿನ ಬಿಡುವು ಕೊಡದೆ ಬಳಿದರೆ ಸಿಮೆಂಟಿನ ಕ್ಷಾರ ಬಣ್ಣವನ್ನು ತಿಂದು ತೇಪೆ ತೇಪೆ ಮಾಡುತ್ತದೆ, ಆಮೇಲೆ ಗೋಡೆ ಬಿಳಿ ಉಪ್ಪು ಉಗುಳುತ್ತದೆ. ಬಣ್ಣ ಖಡಕ್ ಬರಲಿ ಎಂದು ಸ್ಟೈನರ್ (ಬಣ್ಣಕ್ಕೆ ಬೆರೆಸುವ ಗಾಢ ರಂಗು) ಬಾಟಲಿಯನ್ನೇ ಬಗ್ಗಿಸುವವರಿದ್ದಾರೆ. ಲೀಟರಿಗೆ 30-40 ಮಿ.ಲೀ. ದಾಟಿದರೆ ಒಣಗಿದ ಮೇಲೂ ಕೈಗೆ ಅಂಟುತ್ತದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅಗ್ಗದ ಕೆಂಪು, ಹಳದಿ ರಾಜೀನಾಮೆ ಕೊಟ್ಟಿರುತ್ತವೆ. ನೀಲಿ ಮಾತ್ರ ಅವಧಿ ಪೂರೈಸುತ್ತದೆ. ಯಕ್ಷಗಾನದ ವೇಷಧಾರಿ ಚಳಿಗೆ ಸಿಕ್ಕವನಂತೆ ನೀಲಿಗಟ್ಟಿ ನಿಲ್ಲುತ್ತಾನೆ. ಕರಾವಳಿಯ ಹಳೆಯ ದೇವಸ್ಥಾನಗಳ ಕಾವಿ ಚಿತ್ರಗಳಲ್ಲಿ ಬಿಳಿ ಸುಣ್ಣದ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು ಅದನ್ನು ಕೆರೆದು ಚಿತ್ರ ಬಿಡಿಸುತ್ತಿದ್ದರು. ಇರುವುದು ಎರಡೇ ಬಣ್ಣ. ಮಣ್ಣಿನ ಕೆಂಪು ಬಿಸಿಲಿಗೂ ಜಗ್ಗುವುದಿಲ್ಲ, ಸುಣ್ಣಕ್ಕೂ ಜಗ್ಗುವುದಿಲ್ಲ. ಎರಡೇ ಸಚಿವರ ಸಂಪುಟಕ್ಕೆ ಇಂದು ಬಹುಮತ ಎಲ್ಲಿಂದ ತರುವುದು?

ಗೋಡೆಯ ಕೆಳಗಿನ ಎರಡಡಿ ಮಾತ್ರ ಎಲ್ಲ ಕಡೆಯೂ ಒಂದೇ: ಹುಲ್ಲು. ಡಬ್ಬದ ಹಸಿರು. ಅದರ ಮೇಲೆ ಮೂರನೆಯ ದಿನವೇ ಸಾರ್ವಜನಿಕರ ಕೊಡುಗೆ ಬೀಳುತ್ತದೆ. ಎಲೆ, ಅಡಿಕೆ, ಚಿಟಿಕೆ ಸುಣ್ಣ. ಸುಣ್ಣದ ಕ್ಷಾರ ತಾಗಿ ಅಡಿಕೆಯ ಒಗರು ಕೆಂಪಾಗುತ್ತದೆ, ಹೆಚ್ಚಾದರೆ ಬಾಯಿ ಸುಡುತ್ತದೆ, ಆದ್ದರಿಂದ ಅಳತೆ ತಪ್ಪುವುದಿಲ್ಲ. ಇಡೀ ಗೋಡೆಯಲ್ಲಿ ಹದವರಿತು ಬೆರೆಸಿದ ಬಣ್ಣ ಅದೊಂದೇ. ಹಿಂದೆ ಹಸಿರು ಇರುವುದರಿಂದ ನೂರಡಿ ದೂರದಿಂದಲೂ ಎದ್ದು ಕಾಣುತ್ತದೆ.