ಮಾತ್ರೆ ಜೊತೆ ಮನೆಯ ಕಷ್ಟವನ್ನೂ ಕೇಳಿ

ಮದ್ದು ಬರೆಯುವ ಮೊದಲು ರೋಗಿಯ ಊಟ, ಮನೆ, ಓಡಾಟದ ಖರ್ಚನ್ನೂ ಆಸ್ಪತ್ರೆಯವರು ವಿಚಾರಿಸಬೇಕು ಅಂತ ಲೇಖನದಲ್ಲಿ ಹೇಳಿದ್ದೀರಿ. ನೂರಕ್ಕೆ ನೂರು ನಿಜ. ನಮ್ಮ ಕಾರವಾರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ನಮ್ಮಂಥ ಮನೆಗಳಲ್ಲಿ ಕೈಯಲ್ಲಿ ದುಡ್ಡು ಆಡುವುದಿಲ್ಲ. ನಮ್ಮ ಅತ್ತೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಡುತ್ತಿದ್ದದ್ದು ಅದೇ ಹೊತ್ತಿಗೆ. ಯಾಕಮ್ಮ ಸರಿಯಾಗಿ ತಗೊಳ್ಳಲ್ಲ ಅಂತ ಗದರಿದವರೇ ಜಾಸ್ತಿ. ದುಡ್ಡಿದೆಯಾ ಅಂತ ಯಾರೂ ಕೇಳಲಿಲ್ಲ.

ಆಮೇಲೆ ಇನ್ಸುಲಿನ್ ಶುರುವಾಯಿತು. ಫ್ರಿಜ್‌ನಲ್ಲಿಡಿ ಅಂದರು. ಮನೆಯಲ್ಲಿ ಫ್ರಿಜ್ಜೇ ಇರಲಿಲ್ಲ. ಕೊನೆಗೆ ಒಬ್ಬ ನರ್ಸಮ್ಮ ಅತ್ತೆಯ ಪಕ್ಕ ಕೂತು, ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಮಣ್ಣಿನ ಮಡಕೆಯ ತಂಪಿನಲ್ಲಿ ಇಡೋದನ್ನು ತೋರಿಸಿಕೊಟ್ಟರು. ಐದೇ ನಿಮಿಷ. ಅವರನ್ನು ಇವತ್ತಿಗೂ ನೆನೆಯುತ್ತೇವೆ.

ಮದ್ದಿನ ಜೊತೆ ಊಟವೂ ಬೇಕು ಅನ್ನೋದನ್ನು ಟಿಬಿ ವಿಷಯದಲ್ಲಿ ಸರ್ಕಾರ ಒಪ್ಪಿಕೊಂಡಿದೆ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಪೌಷ್ಟಿಕ ಊಟಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1000 ಆಗಿದೆ. ಬೇರೆ ಕಾಯಿಲೆಯವರಿಗೂ ಹೊಟ್ಟೆ ಇದೆ ಅಲ್ವಾ? ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ಸು ಉಚಿತ, ಸಂತೋಷ. ಆದರೆ ಜೋಯಿಡಾ ಕಡೆಯ ಕಾಡಿನೂರುಗಳಿಂದ ಬಸ್ ಸಿಗುವ ಜಾಗಕ್ಕೆ ಬರೋದೇ ದೊಡ್ಡ ಕೆಲಸ. ಚೀಟಿಯಲ್ಲಿ ಬಿಪಿ, ತೂಕ ಬರೆಯುವ ಜಾಗದ ಪಕ್ಕದಲ್ಲೇ ‘ಹೇಗೆ ಬಂದಿರಿ, ಏನು ಉಂಡಿರಿ’ ಅಂತ ಕೇಳಿ ಬರೆದುಕೊಳ್ಳಲಿ.