ಪ್ಯಾಂಟು ಬಾಡಿಗೆಗೆ ಸಿಗುತ್ತದೆ

ಹೊಸದೊಂದು ವ್ಯಾಪಾರ ಶುರು ಮಾಡೋಣ ಅಂತಿದ್ದೇನೆ. ಬಂಡವಾಳ ಜಾಸ್ತಿ ಬೇಡ. ಮೂವತ್ತು ಪ್ಯಾಂಟು, ಒಂದು ಪ್ಲಾಸ್ಟಿಕ್ ಸ್ಟೂಲು, ಒಂದು ಬೋರ್ಡು, ಅಷ್ಟೇ. ಜಾಗ ಮಾತ್ರ ಬೆಂಗಳೂರಿನ ಯಾವುದಾದರೂ ಮಾಲ್‌ನ ಬಾಗಿಲ ಪಕ್ಕದಲ್ಲೇ ಬೇಕು.

ಉಪಾಯ ಸಿಕ್ಕಿದ್ದು ತಿರುವನಂತಪುರದಲ್ಲಿ. ಅಲ್ಲಿನ ಪದ್ಮನಾಭಸ್ವಾಮಿ ದೇವಸ್ಥಾನಕ್ಕೆ ಗಂಡಸರು ಬರೀ ಪ್ಯಾಂಟಿನಲ್ಲಿ ಹೋಗುವಂತಿಲ್ಲ. ಹೊರಗೆ ಪಂಚೆ ಬಾಡಿಗೆಗೆ ಸಿಗುತ್ತದೆ, ಸುತ್ತಿಕೊಂಡು ಒಳಗೆ ಹೋಗಬೇಕು. ದೇವರಿಗೆ ಪಂಚೆ ಬೇಕು, ಮಾಲ್‌ಗೆ ಪ್ಯಾಂಟು ಬೇಕು. ನಡುವೆ ನನಗೆ ನಾಲ್ಕು ಕಾಸು.

ಗಿರಾಕಿ ಸಿಗುತ್ತಾರಾ ಅನ್ನುವ ಚಿಂತೆಯಿಲ್ಲ. 2024ರ ಜುಲೈನಲ್ಲಿ ಹಾವೇರಿ ಕಡೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಮಾಗಡಿ ರಸ್ತೆಯ ಮಾಲ್‌ಗೆ ಬಂದಿದ್ದರು. ಟಿಕೆಟ್ ಇತ್ತು. ಉಟ್ಟಿದ್ದು ಪಂಚೆ. ಪ್ಯಾಂಟು ಹಾಕಿಕೊಂಡು ಬನ್ನಿ ಅಂತ ಬಾಗಿಲಲ್ಲೇ ತಡೆದರು. ಆಗ ನನ್ನ ಅಂಗಡಿ ಇದ್ದಿದ್ದರೆ ಪಾಪ, ಸಿನಿಮಾ ಶುರುವಾಗುವ ಹೊತ್ತಿಗೆ ಸೀಟಲ್ಲಿ ಕೂತಿರುತ್ತಿದ್ದರು.

ವಿಡಿಯೊ ಊರೆಲ್ಲಾ ಓಡಾಡಿತು. ವಿಧಾನಸಭೆಯಲ್ಲೂ ಚರ್ಚೆಯಾಯಿತು. ಅಲ್ಲಿ ಕೂತ ಮುಖ್ಯಮಂತ್ರಿಗಳು ಉಡುವುದೂ ಪಂಚೆಯೇ. ಮಾಲ್‌ಗೆ ಏಳು ದಿನ ಬೀಗ ಅಂತ ಸರ್ಕಾರ ಹೇಳಿತು. ಆಮೇಲೆ ಪಾಲಿಕೆಗೆ ಇನ್ನೊಂದು ವಿಷಯ ನೆನಪಾಯಿತು: ಮಾಲ್‌ನವರು 1.78 ಕೋಟಿ ರೂಪಾಯಿ ಆಸ್ತಿ ತೆರಿಗೆ ಕಟ್ಟಿಲ್ಲ! ಅಷ್ಟು ದೊಡ್ಡ ಬಾಕಿ ಕಣ್ಣಿಗೆ ಬೀಳಲು ಒಂದು ಪಂಚೆ ಅಡ್ಡ ಬರಬೇಕಾಯಿತು ನೋಡಿ. ತೆರಿಗೆ ವಸೂಲಿ ಸಿಬ್ಬಂದಿಗೆ ಇನ್ನು ಮೇಲೆ ಪಂಚೆಯನ್ನೇ ಯೂನಿಫಾರ್ಮ್ ಮಾಡಬಹುದು.

ಮಾಲ್‌ನವರು ಕ್ಷಮೆ ಕೇಳಿದರು, ರೈತರಿಗೆ ಸನ್ಮಾನ ಮಾಡಿದರು. ಚೆನ್ನೈನಲ್ಲಿ 2014ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನು ಪಂಚೆ ಉಟ್ಟಿದ್ದಕ್ಕೆ ಕ್ಲಬ್ಬೊಂದು ಒಳಗೆ ಬಿಟ್ಟಿರಲಿಲ್ಲ. ಅದೇ ವರ್ಷ ತಮಿಳುನಾಡು, ಪಂಚೆ ಉಟ್ಟವರನ್ನು ಹೀಗೆ ತಡೆಯುವಂತಿಲ್ಲ ಅಂತ ಕಾಯ್ದೆ ತಂದಿತು. ನ್ಯಾಯಮೂರ್ತಿಯನ್ನು ತಡೆದರೆ ಕಾಯ್ದೆ, ರೈತನನ್ನು ತಡೆದರೆ ಸನ್ಮಾನ.

ದೇವೇಗೌಡರು 1996ರಲ್ಲಿ ಪಂಚೆ ಉಟ್ಟುಕೊಂಡೇ ಕೆಂಪುಕೋಟೆ ಹತ್ತಿ ಭಾಷಣ ಮಾಡಿದರು. ಯಾರೂ ತಡೆಯಲಿಲ್ಲ. ಅಲ್ಲಿ ಫುಡ್‌ಕೋರ್ಟ್ ಇರಲಿಲ್ಲ, ಅದಕ್ಕೇ ಇರಬೇಕು.

ಮೆಟ್ರೊದಲ್ಲೂ ಒಂದು ಶಾಖೆ ತೆರೆಯುವ ಆಸೆಯಿದೆ. 2024ರ ಫೆಬ್ರುವರಿಯಲ್ಲಿ ರಾಜಾಜಿನಗರ ನಿಲ್ದಾಣದಲ್ಲಿ ತಲೆ ಮೇಲೆ ಗಂಟು ಹೊತ್ತಿದ್ದ ರೈತರನ್ನು ಬಟ್ಟೆ ಕೊಳೆಯಾಗಿದೆ ಅಂತ ನಿಲ್ಲಿಸಿದ್ದರಲ್ಲ, ಅಂಥವರಿಗೆ ಇಸ್ತ್ರಿ ಮಾಡಿದ ಅಂಗಿ ಇಡುತ್ತೇನೆ. ಅವತ್ತು ತಡೆದ ಮೇಲ್ವಿಚಾರಕನ ಕೆಲಸ ಹೋಯಿತು. ಕಾವಲಿನವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮೈಮೇಲಿನ ಯೂನಿಫಾರ್ಮೂ ಏಜೆನ್ಸಿಯದ್ದೇ. ಮನೆಗೆ ಹೋಗಿ ಮೊದಲು ಹುಡುಕುವುದು ಲುಂಗಿಯನ್ನೇ.

ದರ ಹೇಳಿಬಿಡುತ್ತೇನೆ. ಮೂರು ಗಂಟೆಗೆ ಐವತ್ತು ರೂಪಾಯಿ. ಅಡ್ವಾನ್ಸ್ ಬೇಡ, ಪಂಚೆ ಅಡವಿಟ್ಟು ಹೋದರೆ ಸಾಕು. ಸೊಂಟಕ್ಕೆ ಎಲಾಸ್ಟಿಕ್ ಇರುತ್ತದೆ, ಮಂತ್ರಿಗಳಿಗೂ ಆಗುತ್ತದೆ.

ಮೊನ್ನೆ ಜಾಗ ನೋಡಲು ಒಂದು ಮಾಲ್‌ಗೆ ಹೋಗಿದ್ದೆ. ಒಳಗಿನ ಬಟ್ಟೆ ಅಂಗಡಿಯ ಗಾಜಿನ ಹಿಂದೆ ಒಂದು ಬೊಂಬೆ ನಿಂತಿತ್ತು. ಜರಿ ಅಂಚಿನ ರೇಷ್ಮೆ ಪಂಚೆ, ಶಲ್ಯ, ಚೀಟಿಯಲ್ಲಿ ನಾಲ್ಕಂಕಿ ಬೆಲೆ. ಅದನ್ನು ಒಳಗೆ ಹೇಗೆ ಬಿಟ್ಟರೋ ಗೊತ್ತಿಲ್ಲ. ಇರಲಿ ಅಂತ ಅದಕ್ಕೂ ಒಂದು ಪ್ಯಾಂಟು ತೆಗೆದಿಟ್ಟಿದ್ದೇನೆ. ಸೊಂಟ 32.