ದಿನಕ್ಕೊಂದು ಮಾತ್ರೆಯ ಉಪದೇಶ

ನಿನ್ನೆ ಮನೆಗೆ ಊಟಕ್ಕೆ ಬಂದಿದ್ದ ಹಿರಿಯರೊಬ್ಬರು, ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ಸೋಂಕು ತಡೆಯಲು ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್ ಚುಚ್ಚುಮದ್ದಿನ ಮಾತು ಬಂದಾಗ, "ದಿನಕ್ಕೊಂದು ಮಾತ್ರೆ ನುಂಗುವ ಶಿಸ್ತಿಲ್ಲದವರಿಗೆ ಇದು ಬೇರೆ ಕೇಡು" ಎಂದು ಹೇಳಿ ಮತ್ತೊಮ್ಮೆ ಸಾರು ಬಡಿಸಿಕೊಂಡರು. ಅತಿಥಿಗಳೆಂದು ಸುಮ್ಮನಿದ್ದೆ, ಇಲ್ಲಿ ಆ ಹಂಗಿಲ್ಲ.

ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾಗಳಲ್ಲಿ 16ರಿಂದ 25 ವಯಸ್ಸಿನ ಐದು ಸಾವಿರಕ್ಕೂ ಹೆಚ್ಚು ಯುವತಿಯರು ಪಾಲ್ಗೊಂಡ ಪರ್ಪಸ್-1 ಅಧ್ಯಯನದ ಫಲಿತಾಂಶ 2024ರಲ್ಲಿ ಹೊರಬಂತು. ಚುಚ್ಚುಮದ್ದು ಪಡೆದ 2,134 ಮಂದಿಯಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. ಸೋಂಕು ತಡೆಯುವ ಮಾತ್ರೆಯನ್ನು ದಿನವೂ ನುಂಗಬೇಕಿದ್ದ ಎರಡು ಗುಂಪುಗಳಲ್ಲಿ ಒಟ್ಟು 55 ಮಂದಿಗೆ ತಗುಲಿತು. ತಪ್ಪದೆ ತೆಗೆದುಕೊಂಡವರನ್ನು ಮಾತ್ರೆಯೂ ಚೆನ್ನಾಗಿಯೇ ಕಾಯುತ್ತದೆ, ಆದರೆ ರಕ್ತದಲ್ಲಿ ಔಷಧದ ಪ್ರಮಾಣವನ್ನು ಅಳೆದಾಗ ಹೆಚ್ಚಿನವರು ಅದನ್ನು ಕ್ರಮವಾಗಿ ತೆಗೆದುಕೊಂಡಿರಲಿಲ್ಲವೆಂದು ತಿಳಿಯಿತು. ನೋಡಿದಿರಾ, ಶಿಸ್ತಿಲ್ಲ ಎಂದು ಹಿರಿಯರು ಹಿಗ್ಗಬಹುದು.

ಆ ಮಾತ್ರೆಯಲ್ಲಿರುವ ಟೆನೊಫೊವಿರ್ ಸೋಂಕಿತರ ಚಿಕಿತ್ಸೆಗೂ ಬಳಕೆಯಾಗುವ ಔಷಧ. ಡಬ್ಬಿ ಕಣ್ಣಿಗೆ ಬಿದ್ದರೆ ಮನೆಯವರು ಇವಳಿಗೆ ರೋಗ ಬಂದಿದೆ ಎನ್ನುತ್ತಾರೆ, ಗೆಳೆಯನೋ ಗಂಡನೋ "ನನ್ನ ಮೇಲೇ ಅನುಮಾನವೇ" ಎಂದು ಕೈ ಎತ್ತುತ್ತಾನೆ. ಕಾಂಡೋಮ್ ಬೇಕೋ ಬೇಡವೋ ಎಂಬುದನ್ನು ಅವನೊಬ್ಬನೇ ತೀರ್ಮಾನಿಸುವಲ್ಲಿ ಅವಳು ಆ ಡಬ್ಬಿಯನ್ನು ಎಲ್ಲಿ ಬಚ್ಚಿಡಬೇಕು? ಖಿನ್ನತೆಯ ಮಾತ್ರೆಗಳನ್ನು ವರ್ಷಗಟ್ಟಲೆ ವಿಟಮಿನ್ ಡಬ್ಬಿಯಲ್ಲಿಟ್ಟುಕೊಂಡು ನುಂಗಿದವಳು ನಾನು. ನನ್ನ ಮೇಲೆ ಕೈ ಎತ್ತುವವರು ಯಾರೂ ಇರಲಿಲ್ಲ, ಆದರೂ.

ಇನ್ನು ಶಿಸ್ತಿನ ಲೆಕ್ಕವೇ ಬೇಕಿದ್ದರೆ, ಅದೇ ಅಧ್ಯಯನದಲ್ಲಿ ಆರು ತಿಂಗಳ ಚುಚ್ಚುಮದ್ದಿಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಸಕಾಲಕ್ಕೆ ಬಂದರು. ಯಾರಿಗೂ ಕಾಣದಂತೆ ಹೊಟ್ಟೆಯ ಚರ್ಮದಡಿ ಔಷಧ ಸೇರಿದರೆ ಅವರ ಶಿಸ್ತಿಗೆ ಏನೂ ಕೊರತೆಯಿಲ್ಲ.

ರಕ್ಷಣೆಯಿದೆಯೆಂಬ ಧೈರ್ಯದಲ್ಲಿ ಜನ ಅಂಕೆ ಮೀರುತ್ತಾರೆಂಬ ವಾದವೂ ಇದೆ. ಬೇರೆ ಲೈಂಗಿಕ ರೋಗಗಳನ್ನಾಗಲಿ ಗರ್ಭವನ್ನಾಗಲಿ ಈ ಚುಚ್ಚುಮದ್ದು ತಡೆಯದು, ಕಾಂಡೋಮ್ ಬೇಕೇ ಬೇಕು, ಒಪ್ಪಿದೆ. ಮಿಕ್ಕದ್ದು ಹೆಣ್ಣಿಗೆ ರೋಗದ ಭಯವೇ ಶೀಲವೆಂದು ನಂಬಿದವರ ಮಾತು. ಅದಕ್ಕೆ ಉತ್ತರ ಕೊಡಲೂ ಬೇಸರ.

ಅಮೆರಿಕದಲ್ಲಿ ಇದರ ಪಟ್ಟಿಬೆಲೆ ವರ್ಷಕ್ಕೆ 28,000 ಡಾಲರ್ ದಾಟಿದೆ, ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು ತಯಾರಿಸುವ ಇದೇ ಔಷಧ 2027ರಿಂದ ವರ್ಷಕ್ಕೆ ಸುಮಾರು 40 ಡಾಲರಿಗೆ ಬಡ ಮತ್ತು ಮಧ್ಯಮ ಆದಾಯದ 120 ದೇಶಗಳಿಗೆ ಸಿಗುವುದೆಂದು 2025ರಲ್ಲಿ ಪ್ರಕಟವಾಯಿತು. ಹಿರಿಯರು ಮುಂದಿನ ಸಲ ಊಟಕ್ಕೆ ಬಂದಾಗ ಈ ಎರಡು ಬೆಲೆಗಳ ನಡುವಿನ ಅಂತರಕ್ಕೆ ಯಾರ ಶಿಸ್ತು ಕಾರಣವೆಂದು ಕೇಳುವವಳಿದ್ದೇನೆ, ಸಾರು ಬಡಿಸುವ ಮೊದಲೇ.